ರೂಟರ್ ಹೆಸರಿನಲ್ಲೊಂದು ಸುಳ್ಳು ಸೂಚನೆ

ಮನೆಯ ವೈಫೈ ರೂಟರಿಗೂ ಅದನ್ನು ಆಶ್ರಯಿಸಿರುವ ಫೋನು, ಟಿ.ವಿ., ಲ್ಯಾಪ್‌ಟಾಪ್, ಕ್ಯಾಮೆರಾಗಳಿಗೂ ನಡುವೆ ಗಾಳಿಯಲ್ಲಿ ಓಡಾಡುವುದೆಲ್ಲವೂ ‘ಫ್ರೇಮ್’ ಎಂಬ ಸಣ್ಣ ಸಣ್ಣ ಕಟ್ಟುಗಳ ರೂಪದಲ್ಲಿರುತ್ತದೆ. ಐಇಇಇ ಸಂಸ್ಥೆಯು 1997ರಲ್ಲಿ ಹೊರತಂದ 802.11 ಎಂಬ ಮಾನಕವು ಇವುಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಬಳಕೆದಾರರ ಮಾತು, ಚಿತ್ರ, ಹಣ ಪಾವತಿಯ ವಿವರಗಳನ್ನು ಹೊರುವವು ದತ್ತಾಂಶ ಫ್ರೇಮ್‌ಗಳು. ಗಾಳಿಯಲ್ಲಿ ಯಾರ ಸರದಿ ಯಾವಾಗ ಎಂಬುದನ್ನು ನೋಡಿಕೊಳ್ಳುವವು ನಿಯಂತ್ರಣ ಫ್ರೇಮ್‌ಗಳು. ಇಲ್ಲೊಂದು ಜಾಲವಿದೆ ಎಂದು ಸಾರುವುದು, ಬಂದ ಸಾಧನವನ್ನು ಸೇರಿಸಿಕೊಳ್ಳುವುದು, ಹೋಗುವ ಸಾಧನವನ್ನು ಬಿಟ್ಟುಕೊಡುವುದು ಮುಂತಾದ ವ್ಯವಹಾರಗಳು ನಿರ್ವಹಣಾ ಫ್ರೇಮ್‌ಗಳ ಪಾಲಿನವು. ಪಾಸ್‌ವರ್ಡ್ ಹಾಕಿದ ಜಾಲದಲ್ಲಿ ಎಲ್ಲವೂ ಬೀಗದೊಳಗೆ ಭದ್ರವಾಗಿದೆ ಎಂಬುದು ಸಾಮಾನ್ಯ ನಂಬಿಕೆಯಾದರೂ, ಮೊದಲಿನ ವೆಪ್, 2003ರ ಡಬ್ಲ್ಯುಪಿಎ, 2004ರ ಡಬ್ಲ್ಯುಪಿಎ2 ಈ ಮೂರೂ ವ್ಯವಸ್ಥೆಗಳು ತಾವು ಹುಟ್ಟಿದ ರೂಪದಲ್ಲಿ ದತ್ತಾಂಶ ಫ್ರೇಮ್‌ಗಳನ್ನು ಮಾತ್ರ ಗೂಢಲಿಪಿಯಿಂದ ಮುಚ್ಚಿ, ನಿರ್ವಹಣಾ ಫ್ರೇಮ್‌ಗಳನ್ನು ಬಯಲಲ್ಲೇ ಬಿಟ್ಟಿದ್ದವು. ಜಾಲದಿಂದ ಸಾಧನವೊಂದನ್ನು ಬಲವಂತವಾಗಿ ಹೊರದಬ್ಬುವ ‘ಡಿಅಥೆಂಟಿಕೇಷನ್ ದಾಳಿ’ಗೆ ದಾರಿಯಾದದ್ದು ಈ ಬಯಲೇ.

ದಾಳಿಯ ಉಪಕರಣವಾದ ಫ್ರೇಮ್ ಎಷ್ಟು ಚಿಕ್ಕದೆಂಬುದನ್ನು ಬಿಡಿಸಿ ನೋಡಬೇಕು. ಅದರ ಮೊದಲ ಎರಡು ಬೈಟ್‌ಗಳು ಇದು ಯಾವ ಬಗೆಯ ಫ್ರೇಮ್ ಎಂಬುದನ್ನು ಹೇಳುತ್ತವೆ. ಮುಂದಿನ ಎರಡು ಬೈಟ್‌ಗಳು ಗಾಳಿಯನ್ನು ಎಷ್ಟು ಹೊತ್ತು ಬಳಸಲಾಗುವುದೆಂಬ ಅವಧಿ. ಆಮೇಲೆ ಆರಾರು ಬೈಟ್‌ಗಳ ಮೂರು ವಿಳಾಸಗಳು, ಅಂದರೆ ಯಾರಿಗೆ, ಯಾರಿಂದ, ಯಾವ ಜಾಲದ ಪರವಾಗಿ ಎಂಬ ವಿವರ. ನಂತರ ಎರಡು ಬೈಟ್‌ಗಳ ಕ್ರಮಾಂಕ. ಕಡೆಗೆ ಸಂಪರ್ಕ ಕಡಿಯಲು ಕಾರಣವೇನೆಂದು ತಿಳಿಸುವ ಎರಡು ಬೈಟ್‌ಗಳ ಸಂಕೇತ. ಒಟ್ಟು 26 ಬೈಟ್‌ಗಳು. ಬಾಲಕ್ಕೆ ನಾಲ್ಕು ಬೈಟ್‌ಗಳ ತಪಾಸಣಾ ಮೊತ್ತವೊಂದು ಅಂಟಿಕೊಂಡಿರುತ್ತದಾದರೂ ಅದು ದಾರಿಯಲ್ಲಿ ಅಕ್ಷರ ಕೆಟ್ಟಿದೆಯೇ ಎಂಬುದನ್ನು ಪತ್ತೆ ಹಚ್ಚುವುದೇ ಹೊರತು ಕಳಿಸಿದವರು ಯಾರೆಂಬುದನ್ನಲ್ಲ. ಇಡೀ ಫ್ರೇಮ್‌ನಲ್ಲಿ ಪಾಸ್‌ವರ್ಡಿನ ಸುಳಿವಾಗಲಿ, ಸಹಿಯಾಗಲಿ ಎಲ್ಲಿಯೂ ಇಲ್ಲ. ರೂಟರಿನ ವಿಳಾಸವನ್ನು ರೂಟರೇ ಸೆಕೆಂಡಿಗೆ ಸುಮಾರು ಹತ್ತು ಬಾರಿ ‘ಬೀಕನ್’ ಎಂಬ ಸಾರುವ ಫ್ರೇಮ್‌ಗಳ ಮೂಲಕ ಊರಿಗೆಲ್ಲ ಹೇಳುತ್ತಿರುತ್ತದೆ, ಫೋನಿನ ವಿಳಾಸವೂ ಅದು ಕಳಿಸುವ ಪ್ರತಿ ದತ್ತಾಂಶ ಫ್ರೇಮ್‌ನ ತಲೆಯಲ್ಲಿ ಬಿಚ್ಚಿಟ್ಟೇ ಇರುತ್ತದೆ. ಆದ್ದರಿಂದ ರಸ್ತೆಯಲ್ಲಿ ನಿಂತ ಅಪರಿಚಿತನೊಬ್ಬ ರೂಟರಿನ ಹೆಸರು ಹಾಕಿ ಇಂಥದೊಂದು ಫ್ರೇಮ್ ಕಳಿಸಿದರೆ, ಅದನ್ನು ಕೇಳಿಸಿಕೊಂಡ ಫೋನಿಗೆ ಅಸಲಿ ಯಾವುದು ನಕಲಿ ಯಾವುದು ಎಂದು ಬೇರ್ಪಡಿಸುವ ಉಪಾಯವೇ ಇರಲಿಲ್ಲ.

ಇದನ್ನು ಮಾನಕ ರೂಪಿಸಿದವರ ಅಜಾಗರೂಕತೆ ಎಂದು ಸುಲಭವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಮಾನಕದ ಪ್ರಕಾರ ಡಿಅಥೆಂಟಿಕೇಷನ್ ಎಂಬುದು ಕೋರಿಕೆಯಲ್ಲ, ತಿಳಿವಳಿಕೆ. ಪಡೆದವರು ಅದನ್ನು ನಿರಾಕರಿಸುವಂತಿರಲಿಲ್ಲ. ಹೊರಟುಹೋದ ಸಾಧನದ ಲೆಕ್ಕವನ್ನು ರೂಟರು ತನ್ನ ಅಲ್ಪ ಸ್ಮೃತಿಯಲ್ಲಿ ಇಟ್ಟುಕೊಂಡು ಕೂರಬಾರದು, ರೂಟರು ಮರೆತ ಸಾಧನವೂ ಇನ್ನೂ ಸಂಪರ್ಕದಲ್ಲಿದ್ದೇನೆಂಬ ಭ್ರಮೆಯಲ್ಲಿ ಮಾತನಾಡುತ್ತಿರಬಾರದು ಎಂಬ ವ್ಯಾವಹಾರಿಕ ಉದ್ದೇಶ ಅದರ ಹಿಂದಿತ್ತು. ನಿಯಮ ಒಳ್ಳೆಯದೇ, ಆದರೆ ನಿಯಮವನ್ನು ಚಲಾಯಿಸುವ ಅಧಿಕಾರ ಯಾರದೆಂದು ಕೇಳುವ ಏರ್ಪಾಡು ಅದರೊಳಗಿರಲಿಲ್ಲ.

ಈ ದಾಳಿಯಲ್ಲಿ ನಿಜವಾಗಿ ಮೋಸಹೋಗುವುದು ಹೆಚ್ಚಿನ ಸಂದರ್ಭಗಳಲ್ಲಿ ರೂಟರಲ್ಲ, ರೂಟರಿನ ಹೆಸರನ್ನು ನಂಬಿದ ಫೋನು ಅಥವಾ ಕ್ಯಾಮೆರಾ. ಆದುದರಿಂದಲೇ ‘ಈ ರೂಟರು ದಾಳಿಯನ್ನು ತಡೆಯುತ್ತದೆಯೇ’ ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ. ರೂಟರು ಮತ್ತು ಸಾಧನಗಳ ನಡುವೆ ಎಂಥ ಒಪ್ಪಂದವಾಗಿದೆ ಎಂಬುದು ಅದರ ಉಳಿದರ್ಧ.

ಹೊರದಬ್ಬುವುದರಿಂದ ದಾಳಿಕೋರರಿಗೆ ಸಿಗುವ ಲಾಭ ಹಲವು ಬಗೆಯದು. ಹೊರಬಿದ್ದ ಫೋನು ತಾನಾಗಿಯೇ ಮತ್ತೆ ಸೇರಿಕೊಳ್ಳುವಾಗ ರೂಟರಿನೊಡನೆ ನಾಲ್ಕು ಸಂದೇಶಗಳ ವಿನಿಮಯ ನಡೆಸುತ್ತದೆ. ಡಬ್ಲ್ಯುಪಿಎ2 ಜಾಲದಲ್ಲಿ ಆ ವಿನಿಮಯವನ್ನು ಹಿಡಿದಿಟ್ಟುಕೊಂಡವರು ಬೇರೆಲ್ಲೋ ಕುಳಿತು, ಕಂಪ್ಯೂಟರಿನ ಬಲದಿಂದ ಲಕ್ಷಾಂತರ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹೊಂದಿಸಿ ನೋಡಬಹುದು. ಅದೇ ಹೆಸರಿನ ನಕಲಿ ಜಾಲಕ್ಕೆ ಸಾಧನವನ್ನು ಸೆಳೆಯುವ ಯತ್ನವೂ ಉಂಟು. 2020ರ ಫೆಬ್ರುವರಿಯಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ‘ಕ್ರೂಕ್’ ಎಂದು ಹೆಸರಿಟ್ಟು ಬಹಿರಂಗಪಡಿಸಿದ ದೋಷವಂತೂ ಇನ್ನೊಂದು ಮಗ್ಗುಲನ್ನು ತೋರಿತು: ಬ್ರಾಡ್‌ಕಾಮ್ ಮತ್ತು ಸೈಪ್ರೆಸ್ ತಯಾರಿಕೆಯ ಕೆಲವು ವೈಫೈ ಚಿಪ್‌ಗಳು ಸಂಪರ್ಕ ಕಡಿದೊಡನೆ ಕೀಲಿಕೈಯನ್ನು ಸೊನ್ನೆಗಳಿಂದ ತುಂಬಿ ಅಳಿಸುತ್ತಿದ್ದವು, ಆದರೆ ಕಳಿಸಲು ಬಾಕಿ ಉಳಿದಿದ್ದ ದತ್ತಾಂಶವನ್ನು ಆ ಸೊನ್ನೆಗಳ ಕೀಲಿಕೈಯಿಂದಲೇ ಮುಚ್ಚಿ ಗಾಳಿಗೆ ಬಿಟ್ಟುಬಿಡುತ್ತಿದ್ದವು. ಮನೆಯ ಮಟ್ಟಿಗೆ ಎಲ್ಲಕ್ಕಿಂತ ನೇರವಾದ ಆತಂಕ ಬಾಗಿಲ ಮೇಲಿನ ವೈಫೈ ಕ್ಯಾಮೆರಾದ್ದು; ಸಂಪರ್ಕ ಕಡಿದಿರುವಷ್ಟು ಹೊತ್ತು ಅದು ಕಂಡದ್ದನ್ನು ಹೊರಗಿನ ಯಾರಿಗೂ ಹೇಳಲಾರದು.

ದಾಳಿ ಕತ್ತಲೆಯಲ್ಲಿ ಕೂತವರ ಕೆಲಸ ಮಾತ್ರವಾಗಿ ಉಳಿಯಲಿಲ್ಲ ಎಂಬುದಕ್ಕೆ ಅಮೆರಿಕದ ನ್ಯಾಶ್‌ವಿಲ್ ನಗರದ ಪ್ರಕರಣ ಸಾಕ್ಷಿ. ಅಲ್ಲಿನ ಗೇಲಾರ್ಡ್ ಆಪ್ರಿಲ್ಯಾಂಡ್ ಹೋಟೆಲಿನ ಸಮ್ಮೇಳನ ಸಭಾಂಗಣಗಳಲ್ಲಿ ಅತಿಥಿಗಳು ತಮ್ಮ ಸ್ವಂತ ಮೊಬೈಲ್ ಹಾಟ್‌ಸ್ಪಾಟ್ ಬಳಸದಂತೆ, ಜಾಲ ನಿಗಾ ವ್ಯವಸ್ಥೆಯ ಮೂಲಕ ಇಂಥದೇ ಡಿಅಥೆಂಟಿಕೇಷನ್ ಫ್ರೇಮ್‌ಗಳನ್ನು ಕಳಿಸಲಾಗುತ್ತಿತ್ತು. ಹೋಟೆಲಿನ ವೈಫೈಗೆ ಒಂದು ಸಾಧನಕ್ಕೆ 250ರಿಂದ 1,000 ಡಾಲರ್‌ವರೆಗೆ ಶುಲ್ಕವಿತ್ತು. ಅಮೆರಿಕದ ಫೆಡರಲ್ ಸಂವಹನ ಆಯೋಗದ ತನಿಖೆಯ ನಂತರ 2014ರ ಅಕ್ಟೋಬರಿನಲ್ಲಿ, ಹೋಟೆಲನ್ನು ನಡೆಸುತ್ತಿದ್ದ ಮ್ಯಾರಿಯಟ್ ಸಂಸ್ಥೆ 6 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಭದ್ರತೆಯ ಹೆಸರಿನ ಉಪಕರಣವೇ ಅನ್ಯರ ಸಂಪರ್ಕ ಕಡಿಯುವ ಆಯುಧವಾಗಬಲ್ಲದು; ವೈಫೈ ಭದ್ರತೆಯ ಪರೀಕ್ಷಕರು ಈ ಪ್ರಕರಣದ ನೆನಪಿನೊಡನೆಯೇ ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ಪರಿಹಾರದ ಮೊದಲ ಗಂಭೀರ ಚಿಂತನೆ ಇದಕ್ಕೂ ಹನ್ನೊಂದು ವರ್ಷ ಹಿಂದಿನದು. ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಬೆಲ್ಲಾರ್ಡೊ ಮತ್ತು ಸ್ಟೀಫನ್ ಸ್ಯಾವೇಜ್ 2003ರ ಯೂಸೆನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವು ದಾಳಿಯನ್ನು ಪ್ರಯೋಗದಿಂದ ತೋರಿಸಿದ್ದಲ್ಲದೆ ಒಂದು ಸರಳ ಉಪಾಯವನ್ನೂ ಸೂಚಿಸಿತು. ಸಂಪರ್ಕ ಕಡಿಯುವ ಸೂಚನೆ ಬಂದೊಡನೆ ಅದನ್ನು ಪಾಲಿಸದೆ ಐದರಿಂದ ಹತ್ತು ಸೆಕೆಂಡು ಕಾದು ನೋಡಬೇಕು. ನಿಜವಾಗಿಯೂ ಹೊರಡುವ ಸಾಧನ ಆಮೇಲೆ ಮಾತನಾಡುವುದಿಲ್ಲ, ಆದ್ದರಿಂದ ಆ ಅವಧಿಯೊಳಗೆ ಅದೇ ಸಾಧನದಿಂದ ದತ್ತಾಂಶ ಬಂದರೆ ಸೂಚನೆ ಸುಳ್ಳೆಂದು ತಿಳಿದು ಬಿಸಾಡಬೇಕು. ಗೂಢಲಿಪಿಯ ಗಣಿತವನ್ನೇ ಬೇಡದೆ, ನಡತೆಯಿಂದ ಸುಳ್ಳನ್ನು ಹಿಡಿಯುವ ಈ ಯೋಚನೆ ಇಂದಿಗೂ ಮೆಚ್ಚತಕ್ಕದ್ದು. ಆದರೆ ಒಂದು ಕೋಣೆಯ ರೂಟರಿನಿಂದ ಇನ್ನೊಂದಕ್ಕೆ ದಾಟಿಕೊಳ್ಳುವ ಸಾಧನಗಳಿಗೆ ಇಂಥ ಕಾಯುವಿಕೆ ತೊಡಕು ತರಬಹುದಾಗಿತ್ತು, ಮೂಲದಲ್ಲಿದ್ದ ಸಹಿಯ ಕೊರತೆಯೂ ಇದರಿಂದ ನೀಗುತ್ತಿರಲಿಲ್ಲ.

ಆ ಕೊರತೆಯನ್ನು ನೀಗಿಸಿದ್ದು 2009ರಲ್ಲಿ ಅಂಗೀಕಾರವಾದ 802.11ಡಬ್ಲ್ಯು ಎಂಬ ತಿದ್ದುಪಡಿ. ‘ರಕ್ಷಿತ ನಿರ್ವಹಣಾ ಫ್ರೇಮ್‌ಗಳು’ ಎಂಬರ್ಥದಲ್ಲಿ ಇದನ್ನು ಪಿಎಂಎಫ್ ಎಂದು ಕರೆಯುತ್ತಾರೆ. ರೂಟರಿನಿಂದ ಒಂದೇ ಫೋನಿಗೆ ಹೋಗುವ ಸಂಪರ್ಕ ಕಡಿತದ ಸೂಚನೆಯನ್ನು, ಆ ಫೋನು ಜಾಲ ಸೇರುವಾಗ ಇಬ್ಬರಿಗೂ ದಕ್ಕಿದ್ದ ಗುಟ್ಟಿನ ಕೀಲಿಕೈಯಿಂದಲೇ ಮುಚ್ಚಲಾಗುತ್ತದೆ. ಮೇಲೆ ಹೇಳಿದ 26 ಬೈಟ್‌ಗಳ ಫ್ರೇಮ್ ಈಗ 42 ಬೈಟ್‌ಗಳದಾಗುತ್ತದೆ: ಎಂಟು ಬೈಟ್‌ಗಳು ಹಳೆಯ ಫ್ರೇಮ್ ಹಿಡಿದಿಟ್ಟು ಮತ್ತೆ ಬಿಡುವುದನ್ನು ತಡೆಯುವ ಏರುಕ್ರಮದ ಸಂಖ್ಯೆಗೆ ಸಂಬಂಧಿಸಿದವು, ಇನ್ನೆಂಟು ಬೈಟ್‌ಗಳು ಫ್ರೇಮ್ ತಿದ್ದಲ್ಪಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಾದ ಮುದ್ರೆ. ಕೀಲಿಕೈ ಇಲ್ಲದವನು ಈ ಮುದ್ರೆಯನ್ನು ಒತ್ತಲಾರ. ಎಲ್ಲ ಸಾಧನಗಳನ್ನೂ ಉದ್ದೇಶಿಸಿ ಒಮ್ಮೆಗೇ ಸಾರುವ ಸೂಚನೆಗಳಿಗೆ ಬೇರೊಂದು ಸಾಮೂಹಿಕ ಕೀಲಿಕೈ ಇದ್ದು, ಅಲ್ಲಿ ಮಾತು ಬಯಲಲ್ಲೇ ಇದ್ದರೂ ಮುದ್ರೆ ಮಾತ್ರ ಕಡ್ಡಾಯ. ಇಲ್ಲೊಂದು ಮಿತಿಯನ್ನು ಮುಚ್ಚಿಡಬಾರದು: ಸಾಮೂಹಿಕ ಕೀಲಿಕೈ ಜಾಲದೊಳಗಿನ ಎಲ್ಲರ ಬಳಿಯೂ ಇರುವುದರಿಂದ, ಪಾಸ್‌ವರ್ಡ್ ತಿಳಿದು ಒಳಬಂದವನು ಕೆಟ್ಟವನಾದರೆ ಆ ಮುದ್ರೆಯನ್ನು ತಾನೂ ಒತ್ತಬಲ್ಲ.

ಸಹಿಯಿಲ್ಲದ ಸೂಚನೆಗಳನ್ನೆಲ್ಲ ಕಣ್ಣುಮುಚ್ಚಿ ತಿರಸ್ಕರಿಸಿದರೆ ಇನ್ನೊಂದು ತೊಡಕು ಹುಟ್ಟುತ್ತದೆ, ಅದನ್ನು ಕರೆಂಟ್ ಹೋಗಿ ಬರುವ ಊರಿನ ಓದುಗರು ಬೇಗ ಗ್ರಹಿಸಬಲ್ಲರು. ವಿದ್ಯುತ್ ಕಡಿದು ಬಂದಾಗ ರೂಟರು ಹೊಸದಾಗಿ ಎದ್ದೇಳುತ್ತದೆ, ಅದರ ಸ್ಮೃತಿಯಲ್ಲಿದ್ದ ಕೀಲಿಕೈಗಳೆಲ್ಲ ಅಳಿದುಹೋಗಿರುತ್ತವೆ. ಬ್ಯಾಟರಿಯಿಂದ ನಡೆಯುವ ಫೋನು ಮಾತ್ರ ಹಳೆಯ ಕೀಲಿಕೈಯನ್ನೇ ಹಿಡಿದುಕೊಂಡಿದ್ದು ಮಾತು ಮುಂದುವರಿಸುತ್ತದೆ. ಆ ಮಾತು ಅರ್ಥವಾಗದ ರೂಟರು ‘ನೀನು ನನ್ನ ಲೆಕ್ಕದಲ್ಲಿಲ್ಲ’ ಎಂಬರ್ಥದ ಸೂಚನೆ ಕಳಿಸುತ್ತದೆ, ಆದರೆ ಕೀಲಿಕೈ ಕಳೆದುಕೊಂಡಿರುವ ಅದು ಸಹಿ ಹಾಕುವುದಾದರೂ ಹೇಗೆ? ಈ ಬಿಕ್ಕಟ್ಟಿಗಾಗಿಯೇ ತಿದ್ದುಪಡಿಯು ‘ಎಸ್‌ಎ ಕ್ವೆರಿ’ ಎಂಬ ವಿಚಾರಣೆಯನ್ನು ರೂಪಿಸಿತು. ಸಹಿಯಿಲ್ಲದ ಸೂಚನೆ ಪಡೆದ ಫೋನು ಅದನ್ನು ನಂಬುವುದೂ ಇಲ್ಲ, ಉಪೇಕ್ಷಿಸುವುದೂ ಇಲ್ಲ. ಹಳೆಯ ಕೀಲಿಕೈಯಿಂದ ಮುಚ್ಚಿದ ಪ್ರಶ್ನೆಯೊಂದನ್ನು, ಎರಡು ಬೈಟ್‌ಗಳ ಗುರುತುಸಂಖ್ಯೆಯ ಸಮೇತ, ರೂಟರಿಗೆ ಕಳಿಸುತ್ತದೆ. ಅಸಲಿ ರೂಟರು ಕೀಲಿಕೈ ಉಳಿಸಿಕೊಂಡಿದ್ದರೆ ಅದೇ ಗುರುತುಸಂಖ್ಯೆಯನ್ನು ಮುದ್ರೆಯೊಡನೆ ಹಿಂದಿರುಗಿಸುತ್ತದೆ, ಸುಳ್ಳು ಅಲ್ಲಿಗೆ ಬಯಲಾಗುತ್ತದೆ. ಉತ್ತರವೇ ಬಾರದಿದ್ದರೆ ರೂಟರು ನಿಜವಾಗಿಯೂ ಮರೆತಿದೆ ಎಂದು ತಿಳಿದು ಫೋನು ಹೊಸದಾಗಿ ಸೇರಿಕೊಳ್ಳುತ್ತದೆ. ದಾಳಿಕೋರ ಫೋನಿನ ವೇಷ ಹಾಕಿ ‘ನಾನು ಹೊಸದಾಗಿ ಸೇರುತ್ತೇನೆ’ ಎಂದು ರೂಟರಿಗೆ ಹೇಳಿ ಹಳೆಯ ಸಂಪರ್ಕ ಕಡಿಸಲು ನೋಡಿದಾಗಲೂ ಇದೇ ವಿಚಾರಣೆ ತಿರುಗುಮುರುಗಾಗಿ ನಡೆಯುತ್ತದೆ: ರೂಟರು ಆ ಕೋರಿಕೆಗೆ ‘ಸದ್ಯಕ್ಕಿಲ್ಲ, ಸ್ವಲ್ಪ ತಾಳಿ ಬಾ’ ಎಂದು ಉತ್ತರಿಸಿ, ಈಗಾಗಲೇ ಒಳಗಿರುವ ಫೋನನ್ನು ಗುಟ್ಟಿನ ಮಾತಿನಲ್ಲಿ ಕೇಳುತ್ತದೆ. ‘ಹೋಸ್ಟ್‌ಎಪಿಡಿ’ ಎಂಬ ಮುಕ್ತ ತಂತ್ರಾಂಶದಲ್ಲಿ ಈ ವಿಚಾರಣೆಗೆ ಇಟ್ಟಿರುವ ಪೂರ್ವನಿಗದಿತ ಗಡುವು ಸುಮಾರು ಒಂದು ಸೆಕೆಂಡು, ಸುಮಾರು 0.2 ಸೆಕೆಂಡಿಗೊಮ್ಮೆ ಪ್ರಶ್ನೆ ಮರುಕಳಿಸುತ್ತದೆ. ವೈಫೈ ಇತಿಹಾಸದಲ್ಲಿ ಇಷ್ಟು ಮಿತವಾದ ಸಾಮಗ್ರಿಯಿಂದ ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಏರ್ಪಾಡು ವಿರಳ.

ಇಂಥ ರಕ್ಷಣೆ 2009ರಲ್ಲೇ ಸಿದ್ಧವಾಗಿದ್ದರೂ ಅದು ಐಚ್ಛಿಕವಾಗಿ ಉಳಿದದ್ದು ಬಹಳ ವರ್ಷ ಮನೆಗಳಿಗೆ ಅದರ ಫಲ ಸಿಗದಂತೆ ಮಾಡಿತು. ವೈಫೈ ಅಲಯನ್ಸ್ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಡಬ್ಲ್ಯುಪಿಎ3 ವ್ಯವಸ್ಥೆಯಲ್ಲಿ ಪಿಎಂಎಫ್ ಕಡ್ಡಾಯವಾಯಿತು, 2020ರ ಜುಲೈಯಿಂದ ಆ ಸಂಸ್ಥೆಯ ಪ್ರಮಾಣಪತ್ರ ಬಯಸುವ ಹೊಸ ಸಾಧನಗಳಿಗೆ ಡಬ್ಲ್ಯುಪಿಎ3 ಕಡ್ಡಾಯವಾಯಿತು. ಹೊಸ ವ್ಯವಸ್ಥೆಯ ಇನ್ನೊಂದು ಗುಣವೆಂದರೆ, ಅದರಲ್ಲಿ ಸೇರ್ಪಡೆಯ ವಿನಿಮಯವನ್ನು ಕದ್ದು ಹಿಡಿದರೂ ಬೇರೆಲ್ಲೋ ಕುಳಿತು ಪಾಸ್‌ವರ್ಡ್ ಊಹಿಸಲಾಗದು, ಪ್ರತಿ ಊಹೆಗೂ ರೂಟರಿನ ಮುಂದೆಯೇ ಬಂದು ನಿಲ್ಲಬೇಕು.

ರೂಟರಿಗೂ ಸಾಧನಗಳಿಗೂ ನಡುವೆ ಒಪ್ಪಂದವಾಗುವ ಬಗೆ ಹೀಗೆ. ರೂಟರು ತನ್ನ ಬೀಕನ್ ಫ್ರೇಮ್‌ನಲ್ಲಿ ಎರಡು ಬಿಟ್‌ಗಳ ಮೂಲಕ ತನ್ನ ನಿಲುವನ್ನು ಸಾರುತ್ತದೆ: ಒಂದು ‘ರಕ್ಷಣೆ ನನಗೆ ಸಾಧ್ಯ’ ಎನ್ನುತ್ತದೆ, ಇನ್ನೊಂದು ‘ರಕ್ಷಣೆ ಇಲ್ಲದವರಿಗೆ ಪ್ರವೇಶವಿಲ್ಲ’ ಎನ್ನುತ್ತದೆ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಇವೇ ಸಾಮಾನ್ಯವಾಗಿ ‘ಡಿಸೇಬಲ್ಡ್’, ‘ಕೇಪಬಲ್’, ‘ರಿಕ್ವೈರ್ಡ್’ ಎಂಬ ಮೂರು ಆಯ್ಕೆಗಳಾಗಿ ಕಾಣುತ್ತವೆ. ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಟ್ಟಿಗೆ ಬಿಟ್ಟುಕೊಳ್ಳುವ ಸಂಕ್ರಮಣ ಸ್ಥಿತಿಯಲ್ಲಿ ಮೊದಲ ಬಿಟ್ ಮಾತ್ರ ಹೊತ್ತಿರುತ್ತದೆ; ಆಗ ಹೊಸ ಫೋನು ರಕ್ಷಣೆಯೊಡನೆ ಸೇರಿಕೊಂಡರೆ, ಪಿಎಂಎಫ್ ಅರಿಯದ ಹಳೆಯ ಟಿ.ವಿ., ಅಗ್ಗದ ಸ್ಮಾರ್ಟ್ ಬಲ್ಬು, ಎಷ್ಟೋ ಕ್ಯಾಮೆರಾಗಳು ಅದಿಲ್ಲದೆಯೇ ಸೇರಿಕೊಳ್ಳುತ್ತವೆ. ಒಂದೇ ಸೂರಿನಡಿ, ಒಂದೇ ರೂಟರಿನ ಕೆಳಗೆ, ಒಂದು ಸಾಧನ ಕದಲದೆ ನಿಂತಿರುವಾಗ ಪಕ್ಕದ್ದು ಸುಳ್ಳು ಸೂಚನೆಗೆ ಬಿದ್ದುಹೋಗುವುದು ಹೀಗೆ. ‘ರಿಕ್ವೈರ್ಡ್’ ಆಯ್ದುಕೊಂಡರೆ ಹಳೆಯ ಸಾಧನಗಳು ಜಾಲವನ್ನೇ ಸೇರಲಾರವು; ಇಂಟರ್ನೆಟ್ ಒದಗಿಸುವವರು ಮನೆಗೆ ತಂದು ಜೋಡಿಸುವ ಎಷ್ಟೋ ಪೆಟ್ಟಿಗೆಗಳಲ್ಲಿ ದೂರು ಬಾರದಿರಲೆಂದು ಸಡಿಲ ಆಯ್ಕೆಯನ್ನೇ ಇಟ್ಟಿರಲು ಇದೇ ಕಾರಣವಾಗಿರಬಹುದು. ಹಳೆಯ ಸಾಧನಗಳಿಗೆ ಬೇರೆ ಹೆಸರಿನ ಅತಿಥಿ ಜಾಲವೊಂದನ್ನು ಕೊಟ್ಟು, ಮುಖ್ಯ ಜಾಲವನ್ನು ‘ರಿಕ್ವೈರ್ಡ್’ ಮಾಡುವುದು ಇವೆರಡರ ನಡುವಿನ ಸಮಂಜಸ ದಾರಿ.

ಭದ್ರತಾ ಪರೀಕ್ಷೆಯ ಫಲಿತಾಂಶವನ್ನು ಓದುವಲ್ಲಿಯೂ ಅನೇಕರು ಎಡವುತ್ತಾರೆ. ಪರೀಕ್ಷಕನು ಸುಳ್ಳು ಸೂಚನೆಗಳನ್ನು ಕಳಿಸಿದರೂ ಫೋನಿನಲ್ಲಿ ವಿಡಿಯೊ ನಿಲ್ಲದೆ ಓಡಿದರೆ ರೂಟರು ಗೆದ್ದಿತೆಂದು ಬರೆದುಬಿಡುವುದುಂಟು. ಆದರೆ ಫೋನು 5 ಗಿಗಾಹರ್ಟ್ಸ್ ಪಟ್ಟಿಯಲ್ಲಿದ್ದು ಪರೀಕ್ಷಕನ ಅಡಾಪ್ಟರ್ 2.4 ಗಿಗಾಹರ್ಟ್ಸ್‌ನಲ್ಲಿ ಕೂಗುತ್ತಿದ್ದಿರಬಹುದು. ಪರೀಕ್ಷಕ ರೂಟರಿನ ಬಗಲಲ್ಲೇ ಕುಳಿತಿದ್ದು, ಸೂಚನೆಯನ್ನು ಕೇಳಿಸಿಕೊಳ್ಳಬೇಕಾದ ಫೋನು ಎರಡು ಗೋಡೆಗಳಾಚೆ ಹಿತ್ತಿಲ ಕೋಣೆಯಲ್ಲಿದ್ದಿರಬಹುದು. ಫೋನು ನಿಜವಾಗಿಯೂ ಹೊರಬಿದ್ದು ಒಂದೆರಡು ಸೆಕೆಂಡಿನಲ್ಲಿ ಮರಳಿ ಸೇರಿರಲೂಬಹುದು, ಮೊದಲೇ ಶೇಖರವಾಗಿದ್ದ ವಿಡಿಯೊ ತುಣುಕು ಆ ಬಿರುಕನ್ನು ಮುಚ್ಚಿರಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ರಕ್ಷಣೆ ಸರಿಯಾಗಿಯೇ ಕೆಲಸ ಮಾಡುತ್ತಿದ್ದರೂ, ಸಾವಿರಾರು ಫ್ರೇಮ್‌ಗಳ ಸುರಿಮಳೆಯಿಂದ ಗಾಳಿಯೇ ಕಿಕ್ಕಿರಿದು ವೇಗ ಕುಸಿದಾಗ ಪಿಎಂಎಫ್ ಸೋತಿತೆಂದು ತೀರ್ಮಾನಿಸುವುದು. ಆದುದರಿಂದ ಪರೀಕ್ಷೆ ಆರಂಭವಾಗಬೇಕಾದದ್ದು ದಾಳಿಯಿಂದಲ್ಲ, ಆಲಿಸುವುದರಿಂದ. ರೂಟರಿನ ಬೀಕನ್‌ನಲ್ಲಿ ಆ ಎರಡು ಬಿಟ್‌ಗಳು ಹೇಗಿವೆ, ಪ್ರತಿಯೊಂದು ಸಾಧನವೂ ಸೇರುವಾಗ ಏನನ್ನು ಒಪ್ಪಿಕೊಂಡಿತು ಎಂಬುದನ್ನು ಮೊದಲು ಓದಿ, ಆಮೇಲೆ ಸಾಧನವೊಂದೊಂದನ್ನೂ ಬೇರೆಬೇರೆಯಾಗಿ, ರೂಟರಿನ ಹೆಸರಿನಲ್ಲೂ ಸಾಧನದ ಹೆಸರಿನಲ್ಲೂ ಬರುವ ಸೂಚನೆಗಳಿಂದ ಪರೀಕ್ಷಿಸಿ, ಎರಡೂ ಕಡೆಯ ದಾಖಲೆಗಳನ್ನು ಹೋಲಿಸಬೇಕು. ಪರೀಕ್ಷೆ ಸ್ವಂತ ಜಾಲದ ಅಥವಾ ಲಿಖಿತ ಒಪ್ಪಿಗೆ ಇರುವ ಜಾಲದ ಎಲ್ಲೆ ದಾಟಕೂಡದು. ಅಪಾರ್ಟ್‌ಮೆಂಟಿನ ಗಾಳಿ ನೆರೆಯವರದೂ ಹೌದು, ಅನ್ಯರ ಜಾಲಕ್ಕೆ ಅಡ್ಡಿಪಡಿಸುವುದು ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಅಡಿಯಲ್ಲಿ ಮೂರು ವರ್ಷದವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಬಲ್ಲ ಅಪರಾಧ.

ಪಿಎಂಎಫ್ ಇದ್ದಲ್ಲಿಯೂ ಬಿರುಕುಗಳು ಕಂಡಿವೆ. 2019ರಲ್ಲಿ ಹೋಸ್ಟ್‌ಎಪಿಡಿಯಲ್ಲಿ ಪತ್ತೆಯಾದ ದೋಷವೊಂದರಲ್ಲಿ, ಬಂದ ಫ್ರೇಮ್‌ನ ಕಳಿಸಿದವರ ವಿಳಾಸವನ್ನು ತಂತ್ರಾಂಶ ಸರಿಯಾಗಿ ಪರಿಶೀಲಿಸದ ಕಾರಣ, ಒಳಗಿರುವ ಸಾಧನಗಳು ತಾವು ಹೊರಬಿದ್ದೆವೆಂದು ತಪ್ಪಾಗಿ ತಿಳಿಯುವಂಥ ಫ್ರೇಮ್ ಅನ್ನು ಅಸಲಿ ರೂಟರಿನಿಂದಲೇ ಹೊರಡಿಸಲು ಸಾಧ್ಯವಿತ್ತು. 2022ರಲ್ಲಿ ಡೊಮಿಯನ್ ಶೆಪರ್ಸ್, ಆಂಜನ್ ರಂಗನಾಥನ್, ಮ್ಯಾಥಿ ವಾನ್‌ಹೂಫ್ ಎಂಬ ಸಂಶೋಧಕರು ಮಾನಕವನ್ನೇ ಸಾಲುಸಾಲಾಗಿ ಶೋಧಿಸಿ, ಅದರಲ್ಲಿ ಹೇಳದೆ ಬಿಟ್ಟ ಸಂದರ್ಭಗಳನ್ನೂ ಪರಸ್ಪರ ವಿರುದ್ಧವಾದ ನಿಯಮಗಳನ್ನೂ ಗುರುತಿಸಿದರು. ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಮತ್ತು ಆಪಲ್ ಸಾಧನಗಳ ತಂತ್ರಾಂಶಗಳಲ್ಲೂ ದೋಷಗಳನ್ನು ತೋರಿಸಿ, ಮಾನಕದ ತಿದ್ದುಪಡಿಗೆ ಸಲಹೆಗಳನ್ನೂ ಕೊಟ್ಟರು. ರೂಟರಿನ ಹೊಸ ತಂತ್ರಾಂಶ ಬಂದಾಗ ಹಾಕಿಕೊಳ್ಳಬೇಕೆಂಬ ಮಾತಿಗೆ ಇಲ್ಲಿ ಗಟ್ಟಿಯಾದ ಆಧಾರವಿದೆ. ಇವಲ್ಲದೆ, ಕೀಲಿಕೈ ಹುಟ್ಟುವ ಮುಂಚಿನ ಸೇರ್ಪಡೆಯ ಕ್ಷಣಗಳಲ್ಲಿ ಸಹಿ ಹಾಕಲು ಯಾವ ಕೀಲಿಕೈಯೂ ಇರುವುದಿಲ್ಲ. ಬೀಕನ್ ಫ್ರೇಮ್ ಕೂಡ ಬಹುಕಾಲ ಸಹಿಯಿಲ್ಲದೆ ಇತ್ತು. ‘ನಾವು ಬೇರೆ ಚಾನೆಲ್‌ಗೆ ಹೋಗುತ್ತಿದ್ದೇವೆ’ ಎಂಬ ಸುಳ್ಳು ಪ್ರಕಟಣೆಯನ್ನು ಅದರಲ್ಲಿ ತುರುಕಿ ಸಾಧನವನ್ನು ಖಾಲಿ ಚಾನೆಲ್ಲಿಗೆ ಓಡಿಸಬಹುದಾಗಿತ್ತು. ಬೀಕನ್‌ಗೂ ಮುದ್ರೆ ಒತ್ತುವ ಏರ್ಪಾಡು ಮಾನಕದ 2020ರ ಆವೃತ್ತಿಯಲ್ಲಿ ಸೇರಿದೆ.

ಇನ್ನು ನಿಯಂತ್ರಣ ಫ್ರೇಮ್‌ಗಳ ವಿಷಯ. ಅವುಗಳಲ್ಲಿರುವ ಅವಧಿಯ ಅಂಕಣದಲ್ಲಿ 32,767 ಮೈಕ್ರೊಸೆಕೆಂಡಿನವರೆಗಿನ ಸಂಖ್ಯೆ ಬರೆದು ‘ಅಷ್ಟು ಹೊತ್ತು ಯಾರೂ ಮಾತಾಡಬೇಡಿ’ ಎಂದು ಪದೇಪದೇ ಸಾರಿದರೆ, ಮಾನಕವನ್ನು ನಿಷ್ಠೆಯಿಂದ ಪಾಲಿಸುವ ಸಾಧನಗಳೆಲ್ಲ ಸುಮ್ಮನಾಗಬೇಕೆಂಬುದನ್ನೂ ಬೆಲ್ಲಾರ್ಡೊ ಮತ್ತು ಸ್ಯಾವೇಜ್ 2003ರಲ್ಲೇ ಎತ್ತಿ ತೋರಿಸಿದ್ದರು. ವೈಫೈ ತರಂಗಗಳ ಪಟ್ಟಿಯಲ್ಲಿ ಬರೀ ಗದ್ದಲ ತುಂಬುವ ಜ್ಯಾಮರ್‌ಗಂತೂ ಫ್ರೇಮ್‌ನ ಹಂಗೇ ಇಲ್ಲ, ಮುದ್ರೆ ಅದನ್ನು ತಡೆಯದು. ಬಾಗಿಲ ಕ್ಯಾಮೆರಾ ಆ ಹೊತ್ತಿನಲ್ಲೂ ಕಂಡದ್ದನ್ನು ಉಳಿಸಿಕೊಳ್ಳಬೇಕೆಂದರೆ ಅದರೊಳಗೊಂದು ಮೆಮೊರಿ ಕಾರ್ಡ್ ಇರಬೇಕು, ಅಥವಾ ಗೋಡೆ ಕೊರೆದು ರೂಟರಿನವರೆಗೆ ಒಂದು ತಂತಿಯನ್ನೇ ಎಳೆಯಬೇಕು.